ಇರಬೇಕಾದ ವಿಮಾನಗಳು

ವೈಡನ್‌ರೋಡ, ೬ ಸೆಪ್ಟೆಂಬರ್ ೧೯೪೨

ಪ್ರಿಯ ಓಸ್ವಿನ್,

ಲೆಫ್ಟಿನೆಂಟ್ ಜನರಲ್ ಆದೆಯಂತೆ. ಪತ್ರಿಕೆಯ ಮೂರನೇ ಪುಟದಲ್ಲಿ, ಟರ್ನಿಪ್ಪಿನಿಂದ ಜಾಮ್ ಮಾಡುವ ವಿಧಾನದ ಪಕ್ಕದಲ್ಲೇ ನಿನ್ನ ಫೋಟೋ ಬಂದಿದೆ. ಎರಡನ್ನೂ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಜಾಮ್ ಚೆನ್ನಾಗಿ ಬರಲಿಲ್ಲ, ನೀನು ಪರವಾಗಿಲ್ಲ.

ನಿನ್ನ ವೃತ್ತಿಜೀವನದ ಮೇಲೆ ಪತ್ರಿಕೆಯವರು ಹನ್ನೆರಡು ಸಾಲು ಬರೆದಿದ್ದಾರೆ. ಅಕ್ಕನಾದ ನನಗೆ ಇನ್ನೂ ನಾಲ್ಕು ಸಾಲು ಗೊತ್ತು. ಹಿಂದಿನ ಯುದ್ಧದಲ್ಲಿ ನೀನು ಶತ್ರುವಿನ ಒಂದು ವಿಮಾನವನ್ನೂ ನಮ್ಮವೇ ಮೂರನ್ನೂ ನೆಲಕ್ಕೆ ಕೆಡವಿದೆ. ಮೂರನೆಯದು ಎಲೆಕೋಸಿನ ಹೊಲದಲ್ಲಿ. ಸೋತವರು ವಿಮಾನಪಡೆ ಇಟ್ಟುಕೊಳ್ಳಬಾರದೆಂದು ಗೆದ್ದವರು ಕರಾರು ಬರೆಸಿಕೊಂಡ ಮೇಲೆ ಗುಡ್ಡದ ನೆತ್ತಿಯಲ್ಲಿ ‘ಆರೋಗ್ಯ ಸಂವರ್ಧನೆಯ ಗ್ಲೈಡರ್ ಸಂಘ’ ತೆರೆದೆ. ಅಷ್ಟು ಆರೋಗ್ಯವಂತ ಯುವಕರು, ಅಷ್ಟು ಚೆನ್ನಾಗಿ ಸೆಲ್ಯೂಟ್ ಹೊಡೆಯುವವರು, ಈ ಜಿಲ್ಲೆಯಲ್ಲಿ ಮತ್ತೆ ಕಾಣಲಿಲ್ಲ. ಆಮೇಲೆ ಮೂರು ವರ್ಷ ಕೃಷಿ ಯಂತ್ರಗಳನ್ನು ಮಾರಲು ರಷ್ಯಾಕ್ಕೆ ಹೋದೆ. ಒಂದು ನೇಗಿಲು ಮಾರಿದ ಸುದ್ದಿಯೂ ಬರಲಿಲ್ಲ. ೧೯೩೫ರಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ದೇಶಕ್ಕೆ ವಿಮಾನಪಡೆ ಇತ್ತು, ನಿನ್ನ ಕೋಟಿಗೆ ಹೊಳೆಯುವ ಗುಂಡಿಗಳಿದ್ದವು, ಹದಿನೇಳು ವರ್ಷ ಏನು ಮಾಡುತ್ತಿದ್ದೆಯೆಂದು ಯಾರೂ ಕೇಳಲಿಲ್ಲ.

ಕೊರಳಿಗೆ ಕಟ್ಟುವ ಆ ಶಿಲುಬೆ ಪದಕಕ್ಕಾಗಿ ಹಾತೊರೆಯುವವನಿಗೆ ‘ಗಂಟಲು ನೋವು’ ಅನ್ನುತ್ತಾರಂತೆ ನಿಮ್ಮವರು. ನಿನಗೆ ಬಂದಿದೆಯಾ? ಬಂದಿದ್ದರೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು.

ಹೆನ್ನಿಂಗ್ ಪೂರ್ವದಲ್ಲಿ, ಕಾಲ್ದಳದಲ್ಲಿ. ನನ್ನ ಒಬ್ಬನೇ ಮಗನಿಗೆ ಇಪ್ಪತ್ತಮೂರು ತುಂಬಿತು. “ಮಾವ ಮೋಡದಲ್ಲಿ, ನಾನು ಕೆಸರಿನಲ್ಲಿ, ನೀನು ಬೀಜದ ಅಂಗಡಿಯಲ್ಲಿ. ನಮ್ಮ ಮನೆತನ ಎಲ್ಲ ಮಹಡಿಗಳನ್ನೂ ಹಿಡಿದುಕೊಂಡಿದೆ” ಎಂದು ಬರೆದಿದ್ದಾನೆ. ನಾನು ನಕ್ಕೆ. ಆಮೇಲೆ ಅಂಗಡಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆ.

ಕಿವಿ ಹಿಂಡಿ ಬೆಳೆಸಿದ ನಿನ್ನ
ಥೆಕ್ಲಾ


ಪೂರ್ವ ರಂಗ, ೨೭ ಸೆಪ್ಟೆಂಬರ್ ೧೯೪೨

ಪ್ರಿಯ ಅಕ್ಕಾ,

ನಿನ್ನ ಪತ್ರಗಳನ್ನು ಇನ್ನೊಬ್ಬರೆದುರು ಓದಬಾರದೆಂದು ಕಲಿತೆ. ಮೊನ್ನೆ ನಕ್ಕುಬಿಟ್ಟೆ. ಜನರಲ್ ನಕ್ಕರೆ ಸುತ್ತಲಿನವರೆಲ್ಲ ನಗಬೇಕಾಗುತ್ತದೆ. ಮೊದಲು ಯಾರು ನಿಲ್ಲಿಸಬೇಕು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ.

ನನಗೆ ಕೊಟ್ಟಿರುವುದು ಸರಕು ವಿಮಾನಗಳ ಪಡೆ. ಬಾಂಬು ಹಾಕುವವರಿಗೆ ಹಾಡುಗಳಿವೆ, ಕಾದಾಡುವವರಿಗೆ ಹುಡುಗಿಯರಿದ್ದಾರೆ. ಹಿಟ್ಟು, ಬೂಟು, ಬ್ಯಾಂಡೇಜು ಹೊರುವ ನಮಗೆ ನಮೂನೆಗಳಿವೆ. ತಿಂಗಳಿಗೆ ಮೂರು ಸಲ, ಹತ್ತು, ಇಪ್ಪತ್ತು, ಮೂವತ್ತನೇ ತಾರೀಖು, ಮೇಲಿನವರಿಗೆ ವರದಿ ಹೋಗಬೇಕು. ಅದರಲ್ಲಿ ಎರಡು ಅಂಕಣ. ಎಡಕ್ಕೆ ‘ಇರಬೇಕಾದದ್ದು’, ಬಲಕ್ಕೆ ‘ಇರುವುದು’. ನನ್ನ ಎಡ ಅಂಕಣ ಬಹಳ ಭವ್ಯ: ಮುನ್ನೂರ ಇಪ್ಪತ್ತು ವಿಮಾನ. ಬಲ ಅಂಕಣದ ಬಗ್ಗೆ ಪತ್ರದಲ್ಲಿ ಬರೆಯುವಂತಿಲ್ಲ.

ಅದನ್ನು ತುಂಬುವಾಗಲೆಲ್ಲ ಅಪ್ಪನ ನೆನಪು. ಸ್ಟೇಷನ್ ಮಾಸ್ತರರ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರಾರ್ಥನೆ, ಪ್ರಾರ್ಥನೆಗೂ ಮುಂಚೆ ವರದಿ. “ಮೊದ್ಲು ಇರಬೇಕಾದ್ದು ಹೇಳು. ಆಮೇಲೆ ಇರೋದು.” ಗಣಿತದಲ್ಲಿ ಬರಬೇಕಾದ ಅಂಕ ನೂರು, ಅಪ್ಪಾ. ನೂರು ಎಂದು ಗಟ್ಟಿಯಾಗಿ ಹೇಳಿ, ಅಪ್ಪ ಸಾರಿನ ಪಾತ್ರೆಯ ಮುಚ್ಚಳ ತೆಗೆಯುವವರೆಗೂ ನಾನು ಕೆಮ್ಮುತ್ತಿದ್ದೆ. ಹಸಿದ ಅಪ್ಪ ಎಷ್ಟೋ ದಿನ ಎರಡನೆಯದನ್ನು ಕೇಳುವುದನ್ನೇ ಮರೆಯುತ್ತಿದ್ದರು. ಮೂವತ್ತೆಂಟು ಎಂದು ನಡುವೆ ಬಾಯಿ ಹಾಕಿ ಹೇಳಿಬಿಡುತ್ತಿದ್ದವಳು ನೀನು. ಅದಕ್ಕೆ ನಿನ್ನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಗಂಟಲು ಸ್ವಲ್ಪ ಕೆರೆಯುತ್ತಿದೆ, ಸುಳ್ಳೇಕೆ ಹೇಳಲಿ. ಐವತ್ತಾಯಿತು. ಹೆನ್ನಿಂಗ್‌ಗೆ ನನ್ನ ಅಕ್ಕರೆ.

ನಿನ್ನ
ಓಸ್ವಿನ್


ವೈಡನ್‌ರೋಡ, ೨೭ ನವೆಂಬರ್ ೧೯೪೨

ಓಸ್ವಿನ್,

ಜನರಲ್ ಹೆಸರಿನ ಲಕೋಟೆಯನ್ನು ದಾರಿಯಲ್ಲಿ ಒಡೆದು ನೋಡುವ ಧೈರ್ಯ ಯಾರಿಗೂ ಇಲ್ಲವೆಂದು ನಂಬಿ ಬರೆಯುತ್ತಿದ್ದೇನೆ.

ಹೆನ್ನಿಂಗ್‌ನ ಡಿವಿಷನ್ ಇರುವ ಕಡೆ ‘ವೀರೋಚಿತ ರಕ್ಷಣಾ ಸಮರ’ ನಡೆಯುತ್ತಿದೆ ಎಂದು ರೇಡಿಯೋ ಹೇಳುತ್ತಿದೆ. ನಮ್ಮವರು ಮುಂದೆ ಹೋಗುತ್ತಿದ್ದಾಗ ಸಮರ ಬರೀ ಸಮರವಾಗಿತ್ತು. ವೀರ ಸೇರಿಕೊಂಡ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಬ್ರೆಡ್ಡಿನ ಅಂಗಡಿಯಾಕೆ ಬಾಗಿ, ಕಿವಿಯ ಹತ್ತಿರ ಬಂದು ಹೇಳಿದಳು: “ಸುತ್ತುವರಿದುಬಿಟ್ಟಿದಾರಂತೆ ಕಣಮ್ಮ. ಎರಡು ಲಕ್ಷ ಜನ ಒಳಗೆ. ರೈಲು ಇಲ್ಲ, ರಸ್ತೆ ಇಲ್ಲ.” ಮತ್ತೆ ಊಟ ಎಲ್ಲಿಂದ ಎಂದು ಕೇಳಿದೆ. ತಕ್ಕಡಿಯಲ್ಲಿಟ್ಟ ನನ್ನ ಬ್ರೆಡ್ಡಿನ ಕಡೆ ನೋಡುತ್ತಲೇ, ಮೇಲಿಂದ, ಅಂದಳು. ಒಂದು ಕ್ಷಣ ಅವಳು ದೇವರ ಮಾತು ಆಡುತ್ತಿದ್ದಾಳೆ ಅಂದುಕೊಂಡೆ.

ಆ ಮೇಲಿನವನು ನೀನೇನಾ? ಹೌದಾದರೆ ಒಂದೇ ಪ್ರಶ್ನೆ. ಅಷ್ಟು ಜನಕ್ಕೆ ಸಾಕಾಗುವಷ್ಟು ವಿಮಾನ ಇದೆಯಾ? ಎಡ ಅಂಕಣ ಬೇಡ. ನಾನು ಅಪ್ಪನಲ್ಲ.

ಥೆಕ್ಲಾ


೧ ಡಿಸೆಂಬರ್ ೧೯೪೨

ಪ್ರಿಯ ಅಕ್ಕಾ,

ಇದನ್ನು ಅಂಚೆಗೆ ಹಾಕಿಲ್ಲ. ರಜೆಗೆ ಹೋಗುವ ಕ್ಯಾಪ್ಟನ್ನನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ಹೌದು, ನಾನೇ. ಒಳಗಿರುವವರಿಗೆ ದಿನಕ್ಕೆ ನೂರೈವತ್ತು ವಿಮಾನದ ತುಂಬ ಸಾಮಾನು ಇಳಿಯಬೇಕು. ಹಾರುವ ಸ್ಥಿತಿಯಲ್ಲಿ ನನ್ನ ಹತ್ತಿರ ಇರುವುದು ತೊಂಬತ್ತೆಂಟು. ಅವುಗಳಲ್ಲಿ ಅರ್ಧಕ್ಕೆ ಬೆಳಗಿನ ಚಳಿಯಲ್ಲಿ ಎಂಜಿನ್ ಚಾಲೂ ಆಗುವುದಿಲ್ಲ.

ಇಪ್ಪತ್ತಮೂರನೇ ತಾರೀಖು ಫೋನು ಬಂತು. ಯಾರೆಂದು ಬರೆಯುವುದಿಲ್ಲ, ಬಹಳ ಮೇಲಿನವರು, ಆತುರದಲ್ಲಿದ್ದರು.

“ಹಾರ್ಟೌಗ್, ಎಷ್ಟಿದೆ ನಿಮ್ಮ ಹತ್ರ?”

ಕ್ರಮದಂತೆ ಮೊದಲು ಎಡ ಅಂಕಣ ಹೇಳಿದೆ. ನಾವೆಲ್ಲ ಹಾಗೇ ಹೇಳುವುದು. ಕೆಡೆಟ್ ಶಾಲೆಯಿಂದ ಹಾಗೇ. “ಇರಬೇಕಾದದ್ದು ಮುನ್ನೂರ ಇಪ್ಪತ್ತು, ಸಾರ್.”

“ಭೇಷ್. ಇಂಥ ಮನುಷ್ಯನೇ ಬೇಕಿತ್ತು ನಂಗೆ.”

ಫೋನು ಇಟ್ಟರು. ನಾನು ಉಳಿದದ್ದನ್ನೂ ಹೇಳಿದೆ, ಅಕ್ಕಾ. ತೊಂಬತ್ತೆಂಟು ಎಂದು ಸ್ಪಷ್ಟವಾಗಿಯೇ ಹೇಳಿದೆ. ಕೇಳಲು ಆ ಕಡೆ ಯಾರೂ ಇರಲಿಲ್ಲ. ಕೋಣೆಯಲ್ಲಿದ್ದ ಮೂವರು ಅಧಿಕಾರಿಗಳು ಗೋಡೆಯ ನಕ್ಷೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಸಂಜೆ ಆ ಸೈನ್ಯಕ್ಕೆ ಆಜ್ಞೆ ಹೋಯಿತು: ಸುತ್ತು ಒಡೆದು ಹೊರಗೆ ಬರಬೇಡಿ, ಇದ್ದಲ್ಲೇ ಇರಿ, ವಿಮಾನಗಳು ನೋಡಿಕೊಳ್ಳುತ್ತವೆ. ಮರುದಿನ ನನ್ನ ಹೆಸರು ಶಿಲುಬೆ ಪದಕದ ಶಿಫಾರಸಿನಲ್ಲಿ ಸೇರಿತು.

ನಿನ್ನ
ಓ.


ವೈಡನ್‌ರೋಡ, ೪ ಡಿಸೆಂಬರ್ ೧೯೪೨

ಓಸ್ವಿನ್, ನಿನ್ನ ಕ್ಯಾಪ್ಟನ್ ಅಡುಗೆಮನೆಯಲ್ಲಿ ಕೂತು ಬಾರ್ಲಿ ಕಾಫಿ ಕುಡಿಯುತ್ತಿದ್ದಾನೆ. ರಂಗಕ್ಕೆ ವಾಪಸು ಹೋಗುವ ಗೆಳೆಯನೊಬ್ಬನ ಕೈಗೆ ಇಂದೇ ಇದನ್ನು ಕೊಡುತ್ತಾನಂತೆ. ಅವನ ಬಟ್ಟಲು ಖಾಲಿಯಾಗುವುದರೊಳಗೆ ಬರೆದು ಮುಗಿಸಬೇಕು.

ಫೋನು ಮಾಡು. ಇವತ್ತೇ. ಅವರು ಊಟಕ್ಕೆ ಕೂತಿರಲಿ, ಸ್ನಾನಕ್ಕೆ ಇಳಿದಿರಲಿ, ಎಬ್ಬಿಸಿ ಹೇಳು: ತೊಂಬತ್ತೆಂಟು. ಒಂದೇ ಸಂಖ್ಯೆ. ಉಸಿರು ಬಿಡುವುದರೊಳಗೆ ಮುಗಿಯುತ್ತದೆ. ಅವರು ಬೈಯುತ್ತಾರೆ, ನಿನ್ನನ್ನು ಕೆಲಸದಿಂದ ತೆಗೆಯುತ್ತಾರೆ. ನೀನು ಇಲ್ಲಿಗೆ ಬಂದು ನನ್ನ ಅಂಗಡಿಯಲ್ಲಿ ಮೂಲಂಗಿ ಬೀಜ ಪೊಟ್ಟಣ ಕಟ್ಟು. ಅದೇನೂ ಕೆಟ್ಟ ಕೆಲಸವಲ್ಲ. ಜನರಲ್‌ಗಳಿಗೆ ಮಾತ್ರ ಸ್ವಲ್ಪ ಕಷ್ಟ, ಯಾಕೆಂದರೆ ಪೊಟ್ಟಣದ ಮೇಲೆ ಬರೆದಷ್ಟು ಬೀಜ ಒಳಗೂ ಇರಬೇಕು.

ಅವರಿಗೆ ಈಗಲೇ ಗೊತ್ತಾದರೆ ಒಳಗಿರುವವರನ್ನು ಹೊರಗೆ ನುಗ್ಗಲು ಬಿಡುತ್ತಾರೆ. ಹೆನ್ನಿಂಗ್‌ಗೆ ಓಡಲು ಬರುತ್ತದೆ. ಶಾಲೆಯಲ್ಲಿ ಅವನಿಗೆ ಬರುತ್ತಿದ್ದದ್ದು ಅದೊಂದೇ.

ಕ್ಯಾಪ್ಟನ್ ಬಟ್ಟಲು ಕೆಳಗಿಟ್ಟ.

ಥೆ.


೧೩ ಡಿಸೆಂಬರ್ ೧೯೪೨

ಪ್ರಿಯ ಅಕ್ಕಾ,

ನಿನ್ನ ಪತ್ರ ಆರನೇ ತಾರೀಖು ತಲುಪಿತು. ಫೋನಿನ ಮುಂದೆ ಕೂತೆ. ನಿನಗೆ ಇದು ಅರ್ಥವಾಗುವುದಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಕೆಳಗಿನವನು ಮೇಲಿನವನಿಗೆ ತಾನಾಗಿ ಫೋನು ಮಾಡುವುದಿಲ್ಲ. ಅದರಲ್ಲೂ ಅವರು ಮೆಚ್ಚಿದ ಮಾತನ್ನು ತಿದ್ದಲು ಮಾಡುವುದು ಇಲ್ಲವೇ ಇಲ್ಲ. ಅದಕ್ಕೆ ದಾರಿ ಬೇರೆ ಇದೆ: ನಮೂನೆ. ಹತ್ತನೇ ತಾರೀಖಿಗೆ ನಾಲ್ಕೇ ದಿನ ಇತ್ತು. ನಾಲ್ಕು ದಿನದಲ್ಲಿ ಏನಾದೀತು ಎಂದು ಕಾದೆ. ಹತ್ತನೇ ತಾರೀಖು ಬಲ ಅಂಕಣದಲ್ಲಿ ನನ್ನ ಕೈಯಾರೆ ಬರೆದೆ: ಎಂಬತ್ತೊಂದು. ಅಷ್ಟರಲ್ಲಿ ಹದಿನೇಳು ಬಿದ್ದುಹೋಗಿದ್ದವು. ಸಹಿ ಹಾಕಿ, ವಿಶೇಷ ದೂತನ ಕೈಯಲ್ಲಿ ಕಳಿಸಿದೆ. ಆ ದಿನ ಊಟ ರುಚಿಸಿತು.

ನಿನ್ನೆ ಅದು ವಾಪಸು ಬಂತು. ಅಂಚಿನಲ್ಲಿ ಕೆಂಪು ಪೆನ್ಸಿಲ್: ‘ದೂರವಾಣಿಯಲ್ಲಿ ತಿಳಿಸಿದ ಸಂಖ್ಯೆಗೂ ಇದಕ್ಕೂ ತಾಳೆಯಾಗುತ್ತಿಲ್ಲ. ತಾಳೆ ಮಾಡಿ ಕಳುಹಿಸುವುದು.’ ಕೆಳಗೆ ಯಾವನೋ ಮೇಜರನ ಸಹಿ.

ಅದೇ ಹೊತ್ತಿಗೆ ಇನ್ನೊಂದು ಸುದ್ದಿ. ಹೊರಗೆ ನುಗ್ಗಲು ನೈಋತ್ಯದಲ್ಲಿ ಉಳಿದಿದ್ದ ಕೊನೆಯ ಸಂದು ಹನ್ನೊಂದನೇ ತಾರೀಖು ಮುಚ್ಚಿಹೋಯಿತು. ಇನ್ನು ನಿಜ ಹೇಳಿದರೂ ಅವರು ಬರುವುದಕ್ಕೆ ದಾರಿಯಿಲ್ಲ.

ತಾಳೆ ಮಾಡಿದೆ. ಎರಡೂ ಅಂಕಣದಲ್ಲಿ ಮುನ್ನೂರ ಇಪ್ಪತ್ತು. ದುರಸ್ತಿಯಲ್ಲಿರುವುವು ಕ್ರಿಸ್‌ಮಸ್ ವೇಳೆಗೆ ಸರಿಹೋಗುತ್ತವೆ ಎಂದು ಎಂಜಿನಿಯರುಗಳು ಹೇಳುತ್ತಾರೆ. ನಾನು ಗದರಿಸಿ ಕೇಳಿದ್ದಕ್ಕೆ ಹೇಳಿದ್ದು, ಆದರೂ ಹೇಳಿದರು.

ಓಸ್ವಿನ್


ರಣರಂಗದ ಅಂಚೆ, ೨೦ ಡಿಸೆಂಬರ್ ೧೯೪೨

ಪ್ರಿಯ ಅಮ್ಮಾ,

ಮೊದಲಿಗೆ ಮಹತ್ವದ ವಿಷಯ: ನೀನು ಹೆಣೆದು ಕಳಿಸಿದ ಕಾಲುಚೀಲ ಹಾಕಿಕೊಂಡೇ ಇದ್ದೇನೆ. ತೆಗೆಯುತ್ತಿಲ್ಲ, ತೆಗೆದರೆ ಜೊತೆಗೆ ಏನೇನು ಬರುತ್ತದೋ ಗೊತ್ತಿಲ್ಲ. ತಮಾಷೆಗೆ ಹೇಳಿದೆ. ಬೆರಳು ಎಣಿಸಿದೆ, ಒಂಬತ್ತು ಖಚಿತ.

ನಮ್ಮ ಫಿರಂಗಿ ದಳದ ಕುದುರೆಗಳಿಗೆ ಈ ವಾರ ವರ್ಗಾವಣೆಯಾಯಿತು, ಅಡುಗೆ ವಿಭಾಗಕ್ಕೆ. ಬಹಳ ದಕ್ಷತೆಯಿಂದ ಸೇವೆ ಸಲ್ಲಿಸುತ್ತಿವೆ. ಸಾರ್ಜೆಂಟ್ ಕ್ನೂಪ್ ಮಾತ್ರ ತನ್ನ ಕುದುರೆ ಲೀಸಲ್‌ನ ಸಾರು ಕುಡಿಯಲಿಲ್ಲ. ಎರಡನೇ ದಿನ ಕುಡಿದ.

ಮಾವನ ವಿಮಾನಗಳು ಬರುತ್ತಿವೆ. ಸೋಮವಾರ ಹತ್ತೊಂಬತ್ತು, ಮಂಗಳವಾರ ಆರು, ಬುಧವಾರ ಮಂಜು. ಗುರುವಾರ ಬಂದವುಗಳಿಂದ ಹನ್ನೆರಡು ಪೆಟ್ಟಿಗೆ ಇಳಿಸಿದೆವು, ಒಡೆದರೆ ಸೊಳ್ಳೆಪರದೆ. ಹಿಮ ಮೊಣಕಾಲಿನವರೆಗೆ ಇದೆ, ಅಮ್ಮಾ. ನಾವೆಲ್ಲ ಆ ಬಿಳಿ ಜಾಲರಿಯನ್ನು ನೋಡುತ್ತ ನಿಂತಿದ್ದೆವು. ಮದುವೆಯ ಹೆಣ್ಣಿನ ಹಾಗೆ ತಲೆಗೆ ಹೊದ್ದುಕೊಂಡು ಕ್ನೂಪ್ ಹೇಳಿದ: “ಒಳ್ಳೇದೇ ಆಯ್ತು ಸಾರ್. ಸೊಳ್ಳೆ ಬರೋ ಕಾಲದವರೆಗೂ ನಾವು ಬದುಕಿರ್ತೀವಿ ಅಂತ ಮೇಲಿನವರಿಗೆ ನಂಬಿಕೆ ಇದೆ.”

ಮಾವನ ಹತ್ತಿರ ಮುನ್ನೂರ ಇಪ್ಪತ್ತು ವಿಮಾನ ಇವೆಯೆಂದು ಅಧಿಕೃತವಾಗಿ ತಿಳಿಸಿದ್ದಾರೆ. ಮಿಕ್ಕವು ಎಲ್ಲಿ ಎಂದು ನನ್ನ ಜನ ಕೇಳುತ್ತಾರೆ. ನನಗೂ ಅವರಿಗೂ ಇರುವ ನೆಂಟಸ್ತಿಕೆ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಬೇರೆ ದಾರಿಯಲ್ಲಿ ಬರುತ್ತಿವೆ ಅನ್ನುತ್ತೇನೆ. ನಂಬುತ್ತಾರೆ. ನಾನೂ ನಂಬುತ್ತೇನೆ. ಮಾವ ಸುಳ್ಳು ಲೆಕ್ಕ ಕೊಡುವ ಮನುಷ್ಯನಲ್ಲ, ತಾತ ಅವರನ್ನು ಬೆಳೆಸಿದ ರೀತಿ ನೀನೇ ಹೇಳಿದ್ದೀಯಲ್ಲ.

ನಿನಗೆ ಹಬ್ಬದ ಶುಭಾಶಯ. ಪ್ಲಮ್ ಕೇಕು ಮಾಡಿದರೆ ನನಗೆ ಹೇಳಬೇಡ.

ನಿನ್ನ
ಹೆನ್ನಿಂಗ್


ವೈಡನ್‌ರೋಡ, ೪ ಜನವರಿ ೧೯೪೩

ಓಸ್ವಿನ್,

ಹೆನ್ನಿಂಗ್‌ನ ಪತ್ರದ ನಕಲು ಜೊತೆಗಿಟ್ಟಿದ್ದೇನೆ. ಕೊನೆಯ ಸಾಲುಗಳನ್ನು ನಿಧಾನವಾಗಿ ಓದು.

ಹೋದ ಏಪ್ರಿಲ್‌ನಲ್ಲಿ ನಿನಗೊಂದು ಪತ್ರ ಬರೆದಿದ್ದೆ. ನಮ್ಮ ಹಲ್ಲಿನ ಡಾಕ್ಟರ್ ರೋಸೆನ್‌ಹೈನ್, ಮೂವತ್ತು ವರ್ಷ ಈ ಊರಿನವರ ಬಾಯಿ ನೋಡಿದವರು, ಯಹೂದಿಗಳೆಂದು ಹೆಂಡತಿ ಸಮೇತ ಅವರನ್ನು ರೈಲು ಹತ್ತಿಸಿದಾಗ. ಒಂದು ಮಾತು ಹೇಳಿ ನಿಲ್ಲಿಸಲಾಗುತ್ತದೆಯೇ ಎಂದು ಕೇಳಿದ್ದೆ. ‘ಅದು ನನ್ನ ಇಲಾಖೆಯಲ್ಲ’ ಎಂದು ನೀನು ಬರೆದೆ. ನಾನೂ ಮತ್ತೆ ಕೇಳಲಿಲ್ಲ. ಹೊಸ ಡಾಕ್ಟರ ಹತ್ತಿರ ಹೋಗಿ ಹಲ್ಲು ಕೀಳಿಸಿಕೊಂಡೆ. ಅವರ ಕುರ್ಚಿಯೇ, ಅವರ ಇಕ್ಕಳವೇ. ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದೆ.

ಈಗ ನನ್ನ ಮಗನಿಗಾಗಿ ಕೇಳುತ್ತಿದ್ದೇನೆ. ನಾಚಿಕೆಯಾಗುತ್ತದೆ. ನಾಚಿಕೆಪಟ್ಟುಕೊಂಡೇ ಕೇಳುತ್ತೇನೆ. ಒಳಗಿನ ಎರಡು ಲಕ್ಷ ತಾಯಂದಿರ ಮಕ್ಕಳಲ್ಲಿ ಒಬ್ಬನನ್ನು ಹೊರಗೆ ತೆಗೆ. ಬಂದ ವಿಮಾನಗಳು ಗಾಯಾಳುಗಳನ್ನೂ ತಜ್ಞರನ್ನೂ ಹೊತ್ತು ಮರಳುತ್ತವೆಯಂತೆ. ಅವನನ್ನು ತಜ್ಞನನ್ನಾಗಿ ಮಾಡು. ಸಸ್ಯಶಾಸ್ತ್ರ ಎರಡು ವರ್ಷ ಓದಿದ್ದಾನೆ. ಹಿಮದಲ್ಲಿ ಏನೂ ಬೆಳೆಯುವುದಿಲ್ಲವೆಂದು ನಿಮಗೆ ಅಧಿಕೃತವಾಗಿ ಹೇಳಬಲ್ಲ. ಇದು ನಿನ್ನದೇ ಇಲಾಖೆ.

ಥೆಕ್ಲಾ


೧೬ ಜನವರಿ ೧೯೪೩

ಪ್ರಿಯ ಅಕ್ಕಾ,

ಆಯಿತು. ಲೆಫ್ಟಿನೆಂಟ್ ಹೆನ್ನಿಂಗ್ ಲೋರೈ ಅವರನ್ನು ನನ್ನ ಕಚೇರಿಗೆ ತುರ್ತಾಗಿ ವರ್ಗಾಯಿಸಿದ ಆಜ್ಞೆ ನಿಸ್ತಂತುವಿನಲ್ಲಿ ಹೋಗಿದೆ. ನನ್ನ ಸಹಾಯಕನೇ ಕೂತು ಆಸನ ಗೊತ್ತು ಮಾಡಿದ: ಹದಿನಾಲ್ಕನೇ ತಾರೀಖು, ವಿಮಾನ ಸಂಖ್ಯೆ ಇನ್ನೂರ ಹದಿನೇಳು, ಕಿಟಕಿಯ ಪಕ್ಕ. ಪ್ರಯಾಣಿಕರ ಪಟ್ಟಿಯನ್ನು ನಾನೇ ನೋಡಿದೆ, ಹೆಸರಿದೆ. ಮೂರು ಸಹಿ, ಎರಡು ಮುದ್ರೆ. ಇಷ್ಟು ಅಚ್ಚುಕಟ್ಟಾದ ಕಾಗದ ಈ ಚಳಿಗಾಲದಲ್ಲಿ ನನ್ನ ಕಚೇರಿಯಿಂದ ಹೊರಟಿಲ್ಲ.

ಅಲ್ಲಿಂದ ಹಿಂದಿನ ನೆಲೆಗೆ, ಅಲ್ಲಿಂದ ಹತ್ತು ದಿನ ಮನೆಗೆ ಹೋಗಿಬರಲು ಹೇಳಿದ್ದೇನೆ. ನಾನು ಕೆಲಸದ ಮೇಲೆ ತಿರುಗಾಟದಲ್ಲಿದ್ದೇನೆ, ನೋಡಲಾಗಲಿಲ್ಲ. ಈ ಪತ್ರಕ್ಕಿಂತ ಮೊದಲು ಅವನೇ ಬಂದಿದ್ದರೆ ಅವನ ಮುಂದೆ ಇದನ್ನು ಓದು. ಹಾಸಿಗೆಗೆ ಬಿಸಿ ಇಟ್ಟಿಗೆ ಇಡು.

ನಿನ್ನ
ಓಸ್ವಿನ್


ವೈಡನ್‌ರೋಡ, ೫ ಫೆಬ್ರವರಿ ೧೯೪೩

ದಿನಕ್ಕೆ ಮೂರು ರೈಲು. ಇಪ್ಪತ್ತನೇ ತಾರೀಖಿನಿಂದ ಮೂರಕ್ಕೂ ಹೋಗುತ್ತಿದ್ದೇನೆ. ಟಿಕೆಟ್ ಪರೀಕ್ಷಕ ಈಗ ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಾನೆ.

ನಿನ್ನೆ ರೇಡಿಯೋದಲ್ಲಿ ಬರೀ ಶೋಕದ ವಾದ್ಯ. ಅಲ್ಲಿ ಎಲ್ಲ ಮುಗಿಯಿತಂತೆ. ಅವನೆಲ್ಲಿ?

ಥೆ.


೨೧ ಫೆಬ್ರವರಿ ೧೯೪೩

ಅಕ್ಕಾ,

ಇದನ್ನು ಬರೆಯುವುದಕ್ಕೆ ಐದು ಸಲ ಕೂತೆ.

ಇನ್ನೂರ ಹದಿನೇಳಕ್ಕೆ ಎಂಜಿನ್ ಇರಲಿಲ್ಲ. ಸೆಪ್ಟೆಂಬರಿನಲ್ಲೇ ಬಿಚ್ಚಿದ್ದರು. ಅದು ಇಲ್ಲಿಂದ ನಾನೂರು ಕಿಲೋಮೀಟರ್ ಹಿಂದೆ, ಒಂದು ಶೆಡ್ಡಿನಲ್ಲಿ, ರೆಕ್ಕೆಗಳ ಕೆಳಗೆ ಮರದ ದಿಮ್ಮಿ ಕೊಟ್ಟು ನಿಂತಿದೆ. ನನ್ನ ಸಹಾಯಕ ತಪ್ಪು ಮಾಡಲಿಲ್ಲ. ಅನುಮೋದನೆಯಾದ ಪಟ್ಟಿಯಿಂದ ಆಸನ ಕೊಟ್ಟ. ಆ ಪಟ್ಟಿಯಲ್ಲಿ ಮುನ್ನೂರ ಇಪ್ಪತ್ತೂ ಹಾರುತ್ತವೆ. ತಾಳೆ ಮಾಡಿದವನು ನಾನು.

ಒಬ್ಬ ಗಾಯಾಳು ಕಾರ್ಪೊರಲ್ ಆಸ್ಪತ್ರೆಯಲ್ಲಿ ಸಿಕ್ಕಿದ. ಅವನು ಹೇಳಿದ್ದು ಇಷ್ಟು. ಹದಿನಾಲ್ಕರ ಬೆಳಿಗ್ಗೆ ಹೆನ್ನಿಂಗ್ ವಿಮಾನ ನಿಲ್ದಾಣಕ್ಕೆ ಬಂದ, ಮೂವತ್ತು ಕಿಲೋಮೀಟರ್ ನಡೆದು. ಕಾಗದ ತೋರಿಸಿದ. ಒಂದು ವಿಮಾನ ಇಳಿಯಿತು. ಹತ್ತಲು ಹೋದ. ಮಿಲಿಟರಿ ಪೊಲೀಸಿನವನು ಕಾಗದ ನೋಡಿ, ಬಹಳ ಮರ್ಯಾದೆಯಿಂದಲೇ ತಡೆದನಂತೆ:

“ತಮ್ಮದು ಇನ್ನೂರ ಹದಿನೇಳು, ಸಾರ್. ಇದು ಅರವತ್ತೊಂದು.”

ಅರವತ್ತೊಂದರಲ್ಲಿ ಜಾಗ ಇತ್ತು. ಹೆನ್ನಿಂಗ್ ನಕ್ಕನಂತೆ. ಸರಿ, ನನ್ನದು ಬರಲಿ, ಮಾವ ಕಳಿಸಿದ್ದಾರೆ ಅಂದನಂತೆ. ಈ ಕಾರ್ಪೊರಲನನ್ನು ಕೈಹಿಡಿದು ಹತ್ತಿಸಿದವನು ಅವನೇ. ಮರುದಿನವೂ ಅಲ್ಲೇ ಕಾದದ್ದನ್ನು ಇನ್ನೊಬ್ಬ ನೋಡಿದ್ದಾನೆ. ಎರಡು ದಿನದಲ್ಲಿ ಎಂಟು ವಿಮಾನ ಬಂದು ಹೋದವು. ಹದಿನಾರಕ್ಕೆ ನಿಲ್ದಾಣ ಕೈತಪ್ಪಿತು.

ಅಲ್ಲಿ ನಿಯಮ ಕಟ್ಟುನಿಟ್ಟಾಗಿಲ್ಲದಿದ್ದರೆ ನೂಕುನುಗ್ಗಲಿನಲ್ಲಿ ಒಬ್ಬನೂ ಹೊರಗೆ ಬರುತ್ತಿರಲಿಲ್ಲ. ಇದನ್ನು ನನ್ನ ಸಮರ್ಥನೆಗೆ ಹೇಳುತ್ತಿಲ್ಲ. ಹೇಳುತ್ತಿದ್ದೇನೆ, ಬಹುಶಃ.

ಗಂಟಲು ನೋವು ವಾಸಿಯಾಯಿತು. ಮೊನ್ನೆ ಕೊರಳಿಗೆ ಕಟ್ಟಿದರು. ತಣ್ಣಗಿದೆ.

ಓಸ್ವಿನ್


ವೈಡನ್‌ರೋಡ, ೧೧ ಏಪ್ರಿಲ್ ೧೯೪೩

ಓಸ್ವಿನ್,

ಒಂಬತ್ತು ವಾರ ನಿನಗೆ ಬರೆಯಲಿಲ್ಲ. ಬರೆಯಬಾರದೆಂದಿದ್ದೆ. ಆದರೆ ಒಂದು ಕೆಲಸ ನಿನ್ನಿಂದಲೇ ಆಗಬೇಕು.

ಕಾಣೆಯಾದವರ ಕಚೇರಿಗೆ ಹೋಗಿದ್ದೆ. ಆ ಸೈನ್ಯದ ಹೆಂಗಸರ ಸಾಲು ಮೆಟ್ಟಿಲಿಳಿದು ರಸ್ತೆಯವರೆಗೂ ಇತ್ತು. ನನ್ನ ಸರದಿ ಬಂದಾಗ ಗುಮಾಸ್ತ ಕಾರ್ಡು ಹುಡುಕಿ ತೆಗೆದ, ಮುಖ ಅರಳಿತು. ಪಾಪ, ಒಳ್ಳೆಯ ಸುದ್ದಿ ಹೇಳುವ ಯೋಗ ಅವನಿಗೆ ತಿಂಗಳಿಗೊಮ್ಮೆಯಾದರೂ ಸಿಗುತ್ತದೋ ಇಲ್ಲವೋ.

“ಅಮ್ಮಾ, ನೀವು ಪುಣ್ಯವಂತ್ರು. ನಿಮ್ಮ ಮಗ ಹದಿನಾಲ್ಕನೇ ತಾರೀಖೇ ಹಾರಿ ಹೊರಗೆ ಬಂದಿದಾರೆ. ಜನರಲ್ ಸಾಹೇಬ್ರ ಕಚೇರೀಲಿದಾರೆ, ನೋಡಿ, ಇಲ್ಲೇ ಇದೆ.”

ಇಲ್ಲ, ಅವನು ಅಲ್ಲಿಲ್ಲ ಅಂದೆ. ಕಾಗದ ಬರೆಯೋಕೆ ಸೋಮಾರಿ ಇರಬೇಕು, ವಯಸ್ಸೇ ಹಾಗೆ ಅಂದ. ಹಿಂದೆ ನಿಂತಿದ್ದ ಹೆಂಗಸರು ನನ್ನನ್ನು ನೋಡಿದ ನೋಟ ನಿನಗೆ ಹೇಗೆ ಹೇಳಲಿ. ಒಬ್ಬಳು ನನ್ನ ತೋಳು ಮುಟ್ಟಿದಳು, ಅದೃಷ್ಟ ತನಗೂ ಅಂಟಲಿ ಅನ್ನುವಂತೆ. ಬ್ರೆಡ್ಡಿನ ಅಂಗಡಿಯಾಕೆ ಈಗ ನನ್ನ ಜೊತೆ ಮಾತಾಡುವುದಿಲ್ಲ. ಅವಳ ಅಳಿಯನೂ ಒಳಗಿದ್ದ. ಅವನಿಗೆ ಜನರಲ್ ಮಾವ ಇರಲಿಲ್ಲವಲ್ಲ.

ಪಾದ್ರಿ ಆರ್ಬೆಕ್ ಅವರ ಬಳಿಗೂ ಹೋದೆ. ಭಾನುವಾರ ಸತ್ತವರ, ಕಾಣೆಯಾದವರ ಹೆಸರು ಓದುತ್ತಾರೆ, ಹೆಸರಿಗೊಂದು ಗಂಟೆ ಬಾರಿಸುತ್ತಾರೆ. ಹೆನ್ನಿಂಗ್‌ನದನ್ನೂ ಓದಿ ಅಂದೆ. ಅವರು ನನ್ನ ಕೈ ಹಿಡಿದುಕೊಂಡು, “ಕಾಗದ ಇಲ್ದೆ ಹೇಗೆ ಓದ್ಲಿ, ಥೆಕ್ಲಾ? ಸರ್ಕಾರ ಬದುಕಿದಾನೆ ಅನ್ನೋವಾಗ ಸತ್ತಿದಾನೆ ಅಂತ ನಾನು ದೇವರ ಮುಂದೆ ಹೇಳೋದು ಹೇಗೆ?” ಎಂದರು.

ನನ್ನ ಮಗ ಬೇಕೆಂದು ಇನ್ನು ಕೇಳುವುದಿಲ್ಲ. ಅವನಿಗಾಗಿ ಅಳುವುದಕ್ಕೆ ಅನುಮತಿ ಬೇಕು. ಅರ್ಧ ಹಾಳೆ ಸಾಕು: ಇನ್ನೂರ ಹದಿನೇಳು ಹಾರಲಿಲ್ಲ, ಈ ಅಧಿಕಾರಿ ನನ್ನ ಕಚೇರಿಗೆ ಬಂದಿಲ್ಲ. ಕೆಳಗೆ ನಿನ್ನ ಸಹಿ.

ಥೆಕ್ಲಾ


೨೩ ಮೇ ೧೯೪೩

ಅಕ್ಕಾ,

ನೀನು ಕೇಳಿದ ಅರ್ಧ ಹಾಳೆ ಬರೆದಿಟ್ಟಿದ್ದೇನೆ. ಸಹಿ ಹಾಕಿಲ್ಲ.

ಇನ್ನೂರ ಹದಿನೇಳು ಹಾರಲಿಲ್ಲವೆಂದು ಬರೆದರೆ ಉಳಿದವು ಹಾರಿದುವೇ ಎಂದು ಕೇಳುತ್ತಾರೆ. ಒಂದು ಎಳೆ ಎಳೆದರೆ ಇಡೀ ಕಾಲುಚೀಲ ಬಿಚ್ಚಿಕೊಳ್ಳುತ್ತದೆ. ಈ ತಿಂಗಳು ನನ್ನನ್ನು ಪೂರ್ಣ ಜನರಲ್ ಮಾಡಿದರು, ಆ ಚಳಿಗಾಲದ ಸೇವೆಗಾಗಿ. ಒಂದು ನಕ್ಷತ್ರ ಹೆಚ್ಚಾಯಿತು. ಅದೇ ಕೈಯಲ್ಲಿ ಆ ಹಾಳೆಗೆ ಸಹಿ ಹಾಕಿದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ. ಐವತ್ತಾದ ಮನುಷ್ಯ ಇಷ್ಟು ಬದುಕಬೇಕೆಂದು ಯಾಕೆ ಅಂದುಕೊಳ್ಳುತ್ತಾನೋ, ನನಗೇ ಆಶ್ಚರ್ಯವಾಗುತ್ತದೆ.

ಇನ್ನೊಂದು ವಿಷಯ ನೀನು ಬೇರೆಯವರಿಂದ ಕೇಳುವ ಮೊದಲು ನಾನೇ ಹೇಳಬೇಕು. ಹೆನ್ನಿಂಗ್ ನನ್ನ ಕಚೇರಿಯ ಪಟ್ಟಿಯಲ್ಲಿದ್ದಾನೆ. ಊಟದ ಮನೆಯಲ್ಲಿ ಅವನಿಗೊಂದು ತಟ್ಟೆ ಇಡುತ್ತಾರೆ, ತೆಗೆಯುತ್ತಾರೆ. ಮೇ ಒಂದಕ್ಕೆ ಸೇವಾ ಹಿರಿತನದ ಪ್ರಕಾರ ಬಡ್ತಿಯ ಕಡತ ಬಂತು. ನಾನು ಸಹಿ ಹಾಕಿದೆ. ಅವನೀಗ ಹಿರಿಯ ಲೆಫ್ಟಿನೆಂಟ್. ಸಹಿ ಹಾಕುವಾಗ, ಅಕ್ಕಾ, ಒಂದು ಕ್ಷಣ ಸಂತೋಷವಾಯಿತು. ನಿಜವಾದ ಸಂತೋಷ. ಹುಡುಗ ಮುಂದೆ ಬರುತ್ತಿದ್ದಾನೆ ಅನ್ನಿಸಿತು.

ನೀನು ಚಳಿಗಾಲದಲ್ಲಿ ಅವನಿಗೆ ಬರೆದ ಪತ್ರಗಳೆಲ್ಲ ಹೊಸ ವಿಳಾಸಕ್ಕೆಂದು ನನ್ನ ಮೇಜಿಗೆ ಬಂದಿವೆ. ಹನ್ನೊಂದು. ಒಡೆದಿಲ್ಲ.

ಓಸ್ವಿನ್


ವೈಡನ್‌ರೋಡ, ೧೩ ಜೂನ್ ೧೯೪೩

ಮಾನ್ಯ ಜನರಲ್ ಓಸ್ವಿನ್ ಹಾರ್ಟೌಗ್ ಅವರ ಸನ್ನಿಧಿಗೆ,

ತಮ್ಮ ಕಚೇರಿಯಲ್ಲಿ ಸೇವೆ ಸಲ್ಲಿಸುತ್ತಿರುವ ಹಿರಿಯ ಲೆಫ್ಟಿನೆಂಟ್ ಹೆನ್ನಿಂಗ್ ಲೋರೈ ಅವರು ಕೆಲಸಕ್ಕೆ ಹಾಜರಾಗಿ ಐದು ತಿಂಗಳಾಗಿದ್ದು, ಇದುವರೆಗೆ ಒಂದು ದಿನವೂ ರಜೆ ಪಡೆದಿರುವುದಿಲ್ಲ. ಇಷ್ಟು ಕರ್ತವ್ಯನಿಷ್ಠೆ ಅವರ ವಯಸ್ಸಿಗೆ ಒಳ್ಳೆಯದಲ್ಲವೆಂಬುದು ತಮಗೂ ಒಪ್ಪಿಗೆಯಾಗಬಹುದು.

ಆದ್ದರಿಂದ ಸದರಿ ಅಧಿಕಾರಿಗೆ, ಇದೇ ಜೂನ್ ಇಪ್ಪತ್ತೇಳರ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ ಈ ಊರಿನ ಚರ್ಚಿನಲ್ಲಿ ಇರುವಂತೆ, ಒಂದೇ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ. ಪ್ರಯಾಣದ ವ್ಯವಸ್ಥೆ ತಮ್ಮದು. ಯಾವ ವಿಮಾನವಾದರೂ ಆದೀತು.

ರಜೆಗೆ ಕಾರಣ: ತನ್ನ ಅಂತ್ಯಕ್ರಿಯೆಯಲ್ಲಿ ಹಾಜರಿರುವುದು.

ಇಂತು,
ಅಧಿಕಾರಿಯ ತಾಯಿ
ಥೆಕ್ಲಾ ಲೋರೈ